ಅರ್ಜಿಯಲ್ಲಿ ಬರೆದ ಕೊಡಲಿ

ದೆವ್ವ, ಶಕುನ, ಅಂಜನ ಇವುಗಳನ್ನು ನಾನು ನಂಬುತ್ತಿರಲಿಲ್ಲ. ಅಷ್ಟೇ ಅಲ್ಲ, ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ನಂಬುವವರನ್ನು ಎಬ್ಬಿಸಿ ನಿಲ್ಲಿಸಿ ನಗೆಪಾಟಲು ಮಾಡಿದ್ದೇನೆ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ಓದುಗರು ಏನಾದರೂ ಅಂದುಕೊಳ್ಳಲಿ.

ಆರು ವರ್ಷದ ಹಿಂದೆ ಹೆಡತಲೆಯಲ್ಲಿ ನಮ್ಮಣ್ಣನಿಗೆ ಬುದ್ಧಿ ಕೆಟ್ಟಿತು. ಊಟ, ಮಾತು ಎರಡನ್ನೂ ಬಿಟ್ಟ. ಎರಡು ಸಲ ಬಾವಿಗೆ ಬೀಳಲು ಹೋದ ಮೇಲೆ ಕೋಣೆಯಲ್ಲಿ ಕೂಡಿಹಾಕಿದರು. ಅಣ್ಣ ಯಾರನ್ನೂ ಒಂದು ದಿನವೂ ಹೊಡೆದವನಲ್ಲ. ಅವ್ವ ಕರೆಸಿದ ಮಂತ್ರವಾದಿ ಅವನಿಗೆ ಹುಣಿಸೆ ಬರಲಿನಿಂದ ಬಾರಿಸಿದ್ದ. ರಜಕ್ಕೆ ಬಂದ ನಾನು ಅಣ್ಣನ ಬೆನ್ನು ನೋಡಿ ತಾಳಲಾರದೆ, ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಕಳಿಸೋಣವೆಂದು ಮೂರು ದಿನ ವಾದಿಸಿದೆ. ಅವ್ವ ಒಪ್ಪಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಸ್ನೇಹಿತನನ್ನು ನೋಡಿ ಬರುತ್ತೇನೆಂದು ಹೇಳಿ ನಂಜನಗೂಡಿನ ಠಾಣೆಗೆ ನಡೆದೆ.

ಅಣ್ಣನನ್ನು ಹಿಡಿದು ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂದು ನಾನು ಬರೆದಿದ್ದ ಅರ್ಜಿ ಓದಿ ಗುಮಾಸ್ತ ನಕ್ಕ. "ಬಾವಿಗೆ ಬೀಳಕ್ಕೋದೋರ್‌ನೆಲ್ಲ ಇಡ್ಕೊಂಡ್ ಬಂದ್ರೆ ಠಾಣೆ ಸಾಲಕ್ಕಿಲ್ಲ ಸಾ. ಯಾರ ಮ್ಯಾಲಾದ್ರೂ ಕೈ ಮಾಡವ್ನಾ?"

ಪಕ್ಷವನ್ನು ಗಟ್ಟಿಮಾಡುವುದು ನನಗೆ ಗೊತ್ತಿದ್ದ ವಿದ್ಯೆ. ಅಲ್ಲೇ ಬೆಂಚಿನ ಮೇಲೆ ಕುಳಿತು, ತಾಯಿಯ ಮೇಲೆ ಕೊಡಲಿ ಎತ್ತಿದ್ದಾನೆಂದು ಒಂದು ಸಾಲು ಸೇರಿಸಿದೆ. ಆ ಗಳಿಗೆಯ ತನಕ ಆ ಸಾಲು ನನ್ನ ತಲೆಯಲ್ಲೂ ಇರಲಿಲ್ಲ, ಇದನ್ನು ಗಮನಿಸಬೇಕು. ದಫೇದಾರ ಕೂಡಲೇ ಗಾಡಿ ಹೂಡಿಸಿದ. ನಾವು ಎಲ್ಲೂ ಇಳಿಯಲಿಲ್ಲ, ನಮ್ಮನ್ನು ದಾಟಿ ಯಾರೂ ಮುಂದೆ ಹೋಗಲಿಲ್ಲ.

ಅವ್ವ ಜಗಲಿಯ ಮೇಲಿದ್ದಳು. ದಫೇದಾರನನ್ನು ನೋಡಿಯೂ ಏಳದೆ, ನನ್ನನ್ನು ಹತ್ತಿರ ಕರೆದಳು.

"ದನ ಬುಟ್ಟ ಮ್ಯಾಲೆ ನಿಮ್ಮಣ್ಣ ಒಳಗಿಂದ ಬಾಗ್ಲು ತಟ್ದ ಕಣಪ್ಪ. ತಿಂಗ್ಳಿಂದ ಬಾಯೇ ಬುಟ್ಟಿರ್ನಿಲ್ಲ. ‘ಅವ್ವ, ನಾ ನಿನ್ ಮ್ಯಾಲೆ ಕೊಡ್ಲಿ ಎತ್ತಿದ್ನಂತಲ್ಲ, ಯಾವತ್ತವ್ವ?’ ಅಂದ. ಯಾರ್ಲಾ ಅವುನ್ಗೆ ಅಂಗಂದೋರು?"

 ದಫೇದಾರ ಅರ್ಜಿ ಬಿಡಿಸಿ, ಕೊಡಲಿ ಎತ್ತಿದ್ದು ನಿಜವೇ ಎಂದು ಅವಳನ್ನು ಕೇಳಿದ. ಅವ್ವ ನನ್ನ ಮುಖ ನೋಡಿದಳು. ನಾನು ಒಂದು ಮಾತಿನಲ್ಲಿ ಎಲ್ಲವನ್ನೂ ನಿಲ್ಲಿಸಬಹುದಿತ್ತು. ಅಣ್ಣನ ಬೆನ್ನಿನ ಬಾಸುಂಡೆ ನೆನೆದು ನಾನು "ನಿಜ" ಎಂದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಣ್ಣ ಕೊಸರಾಡಲಿಲ್ಲ, ಬೇಡಿಗೆ ತಾನೇ ಕೈಯೊಡ್ಡಿದ.

ಹುಚ್ಚಿನಲ್ಲಿ ಆಡುವ ನೂರು ಮಾತಿನಲ್ಲಿ ಒಂದು ತಾಳೆಯಾಗುತ್ತದೆ ಎನ್ನಬಹುದು. ಅವನು ನೂರು ಆಡಲಿಲ್ಲ, ಅದೊಂದನ್ನೇ ಆಡಿದ. ಅವ್ವ ಕಟ್ಟಿ ಹೇಳಿದಳೆಂದರೆ, ನನ್ನ ಅರ್ಜಿ ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಮರುವರ್ಷ ಅಣ್ಣನನ್ನು ನೋಡಲು ಬೆಂಗಳೂರಿನ ಆಸ್ಪತ್ರೆಗೆ ಹೋದೆ. ಅಣ್ಣನ ಮೈ ತುಂಬಿಕೊಂಡಿತ್ತು, ಮಾತು ಮರಳಿತ್ತು. ಮನೆಗೆ ಹೋಗೋಣ ಬಾ ಎಂದೆ.

"ಬ್ಯಾಡ ಕಣ್ಲಾ. ಅವ್ವುನ್ ಮ್ಯಾಲೆ ಇನ್ನೊಂದ್ ಕಿತ ಕೊಡ್ಲಿ ಎತ್ಬುಟ್ರೆ?"

ನೀನು ಎತ್ತಲೇ ಇಲ್ಲ, ನಾನು ಬರೆದ ಸುಳ್ಳು ಎಂದೆ. ಅವನು ನಂಬಲಿಲ್ಲ. ಹಾಗಾದರೆ ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ನೀನೇ ಅಲ್ವೇನ್ಲಾ, ಬಾಗ್ಲಾಚೆ ನಿಂತ್ಕಂಡು ಕಾಗ್ದ ಓದಿದ್ದು? ಕಾಲೇಜ್ ಕಲ್ತೋನು, ಸುಳ್ ಬರೀತೀಯಾ?"

ಅಣ್ಣ ಮನೆಗೆ ಬರಲೇ ಇಲ್ಲ. ಎರಡು ವರ್ಷ ಕಳೆದು ಅಲ್ಲೇ ತೀರಿಕೊಂಡ. ಅವನು ಒಳಗಿಂದ ಬಾಗಿಲು ತಟ್ಟಿದ ಆ ಬೆಳಿಗ್ಗೆ ನಾನು ಠಾಣೆಯ ಬೆಂಚಿನ ಮೇಲಿದ್ದೆ. ಬಾಗಿಲಾಚೆ ನಿಂತವನು ಯಾರೋ ನನಗೆ ಇಂದಿಗೂ ತಿಳಿಯದು.