ನೇವಿಯ ಕರೆ, ನಾವಿಯ ಕಿವಿ

“ಸಮುದ್ರ ಯಾ ಕಡಿ ಐತೋ ಏನೋ?”

ಓಬಳೇಶಪ್ಪ ಇದನ್ನು ಯಾರನ್ನೂ ಕೇಳುವುದಿಲ್ಲ. ಬಳ್ಳಾರಿ ಕಂಟೋನ್ಮೆಂಟಿನ ಬಯಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೇವಿನ ಮರದ ಬುಡಕ್ಕೆ ತಗಡಿನ ಪೆಟ್ಟಿಗೆ ಇಳಿಸಿ, ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತ, ಮಬ್ಬು ಆಕಾಶವನ್ನು ಕೇಳುತ್ತಾರೆ. ಪ್ರತಿ ಭಾನುವಾರ ಅವರ ಕೆಲಸ ಶುರುವಾಗುವುದು ಹೀಗೆ.

ಬಯಲಿನ ನಡುವೆ ಇಟ್ಟಿಗೆಗಳ ಮೇಲೆ ಒಂದು ಹಳೆಯ ಮರದ ದೋಣಿ ಕೂತಿದೆ. ಕೆಳಗೆ ನೀರಿಲ್ಲ, ಕೆಂಪು ಮಣ್ಣಿದೆ. ಬಿಳಿ ಅಂಗಿಯ ಹುಡುಗರು ಅದರೊಳಗೆ ಸಾಲಾಗಿ ಕೂತು ಗಾಳಿಯಲ್ಲಿ ಹುಟ್ಟು ಹಾಕುತ್ತಾರೆ. ಮಳೆಗಾಲ ಕಳೆದ ಮೇಲೆ ಸಿರುಗುಪ್ಪದ ಹೊಳೆಗೆ ಬಸ್ಸಿನಲ್ಲಿ ಕರೆದೊಯ್ದಾಗಲೇ ಅವರಿಗೆ ನಿಜವಾದ ನೀರು. ಈ ಬಾಲ ನೌಕಾದಳವನ್ನು ಕಟ್ಟಿದವರು ಕುರುಗೋಡಿನ ದೊಡ್ಡಬಸಪ್ಪ. ನೌಕಾಪಡೆಯಲ್ಲಿ ದುಡಿದು ಬಂದು, ಈಗ ಹತ್ತಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದಾರೆ. ಅವರೂ ಅವರ ನಾಲ್ಕಾರು ಗೆಳೆಯರೂ ರಜೆಯ ದಿನ ಬಂದು ಹುಡುಗರನ್ನು ತಿದ್ದುತ್ತಾರೆ. ಯಾರಿಗೂ ಸಂಬಳವಿಲ್ಲ.

ಓಬಳೇಶಪ್ಪನವರಿಗೂ ಇಲ್ಲ. ಕಿವಿಯ ಮೇಲೆ ಕೂದಲು ಬಿದ್ದವನಿಗೆ ದಳದ ಸಾಲಿನಲ್ಲಿ ಜಾಗವಿಲ್ಲವಾದ್ದರಿಂದ, ಎಲ್ಲ ತಲೆಗಳೂ ಮೊದಲು ಈ ಬೇವಿನ ಬುಡಕ್ಕೆ ಬಾಗಬೇಕು. ಇದು ಎಂಬತ್ತಮೂರನೆಯ ಇಸವಿ. ಕಿವಿ ಮುಚ್ಚುವ ಕೂದಲೇ ಹುಡುಗರಿಗೆ ಚಂದ. ಸ್ವಲ್ಪ ಬಿಡಣ್ಣ ಎಂದು ಒಬ್ಬ ಅಂಗಲಾಚುತ್ತಾನೆ.

“ಇದರಾಗ ಹಡಗು ಕಟ್ತೀಯೇನಲೇ?” ಎನ್ನುತ್ತ ಓಬಳೇಶಪ್ಪ ಕತ್ತರಿ ಆಡಿಸಿಬಿಡುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಾರೆ. ಓಬಳೇಶಪ್ಪ ಮಾತ್ರ ನಗುವುದಿಲ್ಲ.

ನಗುವೊಂದು ಅವರ ಬದುಕಿನಲ್ಲಿ ಮುಳ್ಳಾಗಿ ಉಳಿದಿದೆ. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಕೂತವರಿಗೆ ಗೊತ್ತು: ಓದುವವರ ನಾಲಿಗೆಯಲ್ಲಿ ಒಂದು ಅಕ್ಷರ ಹೊರಳಿದರೆ ಪದ್ಯ ಬೇರೆಯೇ ಅರ್ಥ ಹೊತ್ತು ಕೇಳುಗರ ಮನೆ ಸೇರುತ್ತದೆ. ಓಬಳೇಶಪ್ಪನವರ ಮನೆಗೂ ಒಂದು ಮಾತು ಹಾಗೆ ಬಂತು. ಎಪ್ಪತ್ತರ ಸುಮಾರಿಗೆ ದಳ ಆರಂಭವಾದಾಗ, ಹುಡುಗರನ್ನು ನೇವಿಗೆ ಸೇರಿಸಬೇಕೆಂದು ಓಣಿ ಓಣಿಯಲ್ಲಿ ದಂಡೋರ ಹಾಕಿಸಿದ್ದರು. ದಂಡೋರದವನಿಗೆ ಆ ಪದ ಹೊಸದು. ಅವನ ಬಾಯಲ್ಲಿ ನೇವಿ ನಾವಿಯಾಯಿತು. ಈ ಕಡೆ ನಾವಿ ಎಂದರೆ ಕ್ಷೌರದ ಮನೆತನದವರು.

ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಓಬಳೇಶಪ್ಪನವರ ತಾಯಿ ಹನುಮಮ್ಮ ತಲೆಯೆತ್ತಿ ಕೇಳಿದರಂತೆ: “ಹುಟ್ಟಿದಾಗಿಂದ ಅದರಾಗನ ಅದೀವಿ. ಮತ್ತೇನು ಸೇರೋದೋ ತಮ್ಮಾ?”

ಇಡೀ ಓಣಿ ನಕ್ಕಿತು. “ಎಲ್ಲಾರಕಿಂತ ಜೋರು ನಕ್ಕಾಂವ ನಾನ,” ಎನ್ನುತ್ತಾರೆ ಓಬಳೇಶಪ್ಪ, ಕೇಳಿದವರಿಗೆಲ್ಲ. “ನನ್ನ ಮಗ ಮಾತ್ರ ನಗಲಿಲ್ರಿ.”

ಮಗ ಹಂಪಯ್ಯನಿಗೆ ಆಗ ಹನ್ನೆರಡು. ಸಿರುಗುಪ್ಪ ಅವನ ತಾಯಿಯ ತವರು. ರಜೆಗೆ ಹೋದರೆ ಹೊಳೆಯಿಂದ ಅವನನ್ನು ಎಬ್ಬಿಸಿ ತರುವುದೇ ಒಂದು ಕೆಲಸ, ಅಂಥ ಈಜುಗಾರ. ಅದು ನಮ್ಮ ನಾವಿ ಅಲ್ಲ, ಹಡಗಿನದು, ಶಾಲೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ, ನಾನು ಸೇರುತ್ತೇನೆ ಎಂದು ಆ ಸಂಜೆ ಅಪ್ಪನ ಬೆನ್ನು ಬಿದ್ದ. ಬಳ್ಳಾರಿಗೂ ಹಡಗಿಗೂ ಏನು ಸಂಬಂಧ ಎಂದು ಗದರಿಸಿ ಅಪ್ಪ ಅವನ ಕೈಗೆ ಕತ್ತರಿ ಕೊಟ್ಟರು. ಮೇಲ್ಜಾತಿಯವರು ಅಣಕಿಸಲು ಕಟ್ಟಿದ ಮಾತೇನೋ ಎಂಬ ಗುಮಾನಿಯೂ ಅವರಿಗಿತ್ತು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಆಗಸ್ಟ್ ಹದಿನೈದರಂದು ಅಪ್ಪ ಮಗ ಇಬ್ಬರೂ ಪರೇಡ್ ನೋಡಲು ಹೋದರು. ಚೌಕಾಕಾರದ ನೀಲಿ ಕಾಲರಿನ ಬಿಳಿ ಅಂಗಿ ತೊಟ್ಟ ಹುಡುಗರು ಹೆಜ್ಜೆ ಹಾಕುತ್ತ ಮುಂದೆ ಸಾಗಿದರು. ಇವರು ಯಾರ ಪೈಕಿ ಎಂದು ಓಬಳೇಶಪ್ಪ ಪಕ್ಕದವರನ್ನು ವಿಚಾರಿಸಿದರು. ನೇವಿಯ ಹುಡುಗರು ಎಂದರು.

“ಮಗ ನನ್ನ ಕಡಿ ಒಮ್ಮಿ ನೋಡಿದನ್ರಿ. ಏನೂ ಅನಲಿಲ್ಲ. ಅಂದಿದ್ರ ಚಲೋ ಇತ್ತು.”

ಮಗನನ್ನು ಸೇರಿಸಿಕೊಳ್ಳಿ ಎಂದು ಮರುದಿನವೇ ದೊಡ್ಡಬಸಪ್ಪನವರ ಮುಂದೆ ಕೈಮುಗಿದು ನಿಂತರು. ಸೇರುವ ವಯಸ್ಸು ದಾಟಿದೆ, ಏನೂ ಮಾಡಲಾಗದು ಎಂಬ ಉತ್ತರ ಬಂತು. ಮುಂದಿನ ಭಾನುವಾರ ಓಬಳೇಶಪ್ಪ ಪೆಟ್ಟಿಗೆ ಹೊತ್ತುಕೊಂಡು ಬಯಲಿಗೆ ಬಂದರು. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ಮಗ ಆಗದಿದ್ದರೆ ನಾನಾದರೂ ಸೇರುತ್ತೇನೆ ಎಂದರಂತೆ. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ.

ಅವರ ಕೈಯಲ್ಲಿ ಕೂದಲು ಕತ್ತರಿಸಿಕೊಂಡ ಕೆಲವರು ಈಗ ನಿಜವಾದ ಹಡಗಿನಲ್ಲಿದ್ದಾರೆ. ವಿಶಾಖಪಟ್ಟಣದಿಂದ ರಜೆಗೆ ಬಂದವರು ಇದೇ ಬೇವಿನ ಬುಡಕ್ಕೆ ಬಂದು ಕೂರುವುದುಂಟು. ಅವರ ಕೂದಲಿಗೆ ಸಮುದ್ರದ ಉಪ್ಪಿನ ವಾಸನೆ ಇದ್ದೀತೇ ಎಂದು ಓಬಳೇಶಪ್ಪ ಮೆಲ್ಲಗೆ ಮೂಗು ಹತ್ತಿರ ತರುತ್ತಾರೆ. ಕೊಬ್ಬರಿ ಎಣ್ಣೆಯ ವಾಸನೆಯೇ ಬರುತ್ತದೆ.

ಈ ಭಾನುವಾರ ದೊಡ್ಡಬಸಪ್ಪ ತಾವಾಗಿಯೇ ಮರದ ಬಳಿ ಬರುತ್ತಾರೆ. ಹೊಳೆಯಲ್ಲಿ ಹುಡುಗರಿಗೆ ಈಜು ಕಲಿಸಲು ಗಟ್ಟಿ ಆಳು ಬೇಕಾಗಿದೆ, ಹಂಪಯ್ಯನನ್ನು ಕರೆತನ್ನಿ, ಕಲಿಸುವವರಿಗೆ ವಯಸ್ಸಿನ ಕಟ್ಟಿಲ್ಲ, ದಳದ ಅಂಗಿಯನ್ನೂ ಹೊಲಿಸಿಕೊಡುತ್ತೇವೆ ಎನ್ನುತ್ತಾರೆ. ಓಬಳೇಶಪ್ಪನವರ ಕೈಯಲ್ಲಿ ಕತ್ತರಿ ನಿಲ್ಲುತ್ತದೆ. ಅವತ್ತು ಉಳಿದ ತಲೆಗಳನ್ನು ಹೇಗೋ ಮುಗಿಸಿ, ಪೆಟ್ಟಿಗೆ ಸಮೇತ ನೇರ ಪಾರ್ವತಿನಗರಕ್ಕೆ ನಡೆಯುತ್ತಾರೆ. ಹಂಪಯ್ಯನ ಅಂಗಡಿ ಅಲ್ಲಿದೆ.

ಇಪ್ಪತ್ತೈದು ದಾಟಿದ ಹಂಪಯ್ಯ ಗಿರಾಕಿಯೊಬ್ಬರ ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚುತ್ತಿದ್ದಾನೆ. ಅಪ್ಪ ಬಾಗಿಲಲ್ಲೇ ನಿಂತು ಸುದ್ದಿ ಹೇಳುತ್ತಾರೆ. ನೊರೆಯ ಮುಖದ ಗಿರಾಕಿ, ಒಳ್ಳೆಯದಾಯಿತು ಹೋಗಪ್ಪ ಎನ್ನುತ್ತಾರೆ. ಹಂಪಯ್ಯ ಅವರ ಗದ್ದವನ್ನು ಹಿಡಿದು ಮೆಲ್ಲಗೆ ಬೆಳಕಿಗೆ ತಿರುಗಿಸುತ್ತಾನೆ.

“ಒಮ್ಮಿ ಬಂದು ದೋಣ್ಯಾಗ ಕುಂದ್ರಪ್ಪ,” ಎನ್ನುತ್ತಾರೆ ಓಬಳೇಶಪ್ಪ. “ನಾ ಹೊಳಿ ದಂಡಿ ಮ್ಯಾಲ ನಿಂತು ನೋಡ್ತೀನಿ. ಅಷ್ಟ ಸಾಕು ನನಗ.”

ಹಂಪಯ್ಯ ಕತ್ತಿಯನ್ನು ಬಟ್ಟೆಗೆ ಒರೆಸುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ.

“ಇಲ್ಲಪ್ಪ. ಅವತ್ತು ನಾ ಕೇಳಿದ್ದು ಸೇರಾಕ. ಕಲ್ಸಾಕ ನಾ ಬರಂಗಿಲ್ಲ.”