ಇಳಿಜಾರಿನ ಅಡಿಯ ನೀರು

ಪಕ್ಕದ ಬಿಲ್ಡಿಂಗಿನಲ್ಲಿ ಇವತ್ತು ಸ್ಲ್ಯಾಬ್ ಹಾಕುತ್ತಿದ್ದಾರೆ. ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಗುಂಯ್ ಎನ್ನುವ ಸದ್ದಿಗೆ ವಿಲೆ ಪಾರ್ಲೆಯ ನಮ್ಮ ಕಿಟಕಿಯ ಗಾಜೂ ಅದುರುತ್ತಿದೆ. ನಿಮಗೆ ಅದು ಬರೀ ಗದ್ದಲ ಅನಿಸಬಹುದು. ನನಗೆ ಮಾತ್ರ ಮಲಾಡಿನ ಕಾಕಾನ ಮನೆಯ ನೆಲ ನೆನಪಾಗುತ್ತದೆ.

ಕಾಕಾ ವಿಜಯಪುರದ ಕಡೆಯಿಂದ ಬಂದು ಸ್ಲ್ಯಾಬ್ ಕೆಲಸಕ್ಕೆ ನಿಂತವನು. ಮೊದಲು ಅವನ ಖೋಲಿ ಗುಡ್ಡದ ಕಡಿದಾದ ಮಗ್ಗುಲಲ್ಲಿತ್ತು. ಮಳೆಗಾಲವಿಡೀ ಅವನ ಹೆಂಡತಿ ಕಾಕು ಬಟ್ಟೆಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು, ಗುಡ್ಡ ಕುಸಿದರೆ ಎದ್ದು ಓಡಲು ಸಿದ್ಧಳಾಗಿ. ಕೊನೆಗೆ ಇಳಿಜಾರು ಕಣ್ಣಿಗೇ ಕಾಣದಂಥ ಕೆಳಗಿನ ಜಾಗಕ್ಕೆ ಬಂದರು. ಗಂಟು ಬಿಚ್ಚಿ ಬಟ್ಟೆಗಳನ್ನು ಮೊಳೆಗೆ ನೇತುಹಾಕಿದ ದಿನ ಕಾಕು ಹೋಳಿಗೆ ಮಾಡಿದ್ದಳು. ನನ್ನ ಡೈರಿಯಲ್ಲಿ ಆ ತಾರೀಖಿನ ಮುಂದೆ ಎಷ್ಟು ಹೋಳಿಗೆ ತಿಂದೆ ಎಂಬುದೂ ಇದೆ. ಅಂಥ ಲೆಕ್ಕ ನಾನು ಬಿಡುವವಳಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಭೂಮಿ ಸಣ್ಣಗೆ ನಡುಗಿತು. ತಾಟುಗಳು ಸದ್ದು ಮಾಡಿದವು, ಅಷ್ಟೇ. ಆದರೆ ನಾನು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ಅರ್ಧ ಕಲಿತವರಿಗೆ ಹೆದರಿಕೆ ಜಾಸ್ತಿ. ಭಾನುವಾರ ಮಲಾಡಿಗೆ ಹೋಗಿ ಚಾಪೆ ಎತ್ತಿ ನೋಡಿದರೆ ನೆಲ ಒದ್ದೆ. ಅದು ಹಳೆಯ ತಗ್ಗಿಗೆ ಮರಳು, ಮಣ್ಣು ತುಂಬಿ ಮಾಡಿದ ಜಾಗವಂತೆ. ಹಿತ್ತಿಲ ಗಟಾರ ಒಡೆದು ನೀರೆಲ್ಲ ಅಲ್ಲೇ ಇಂಗುತ್ತಿತ್ತು. ಇಂಥ ಕಡೆ ಭೂಕಂಪವಾದರೆ ಸಪಾಟಾಗಿ ಕಾಣುವ ನೆಲವೂ ಜಾರುತ್ತದೆ ಎಂದೆ. ಕಾಕಾ ನಕ್ಕ.

“ಇಲ್ಲಿ ಗೋಲಿ ಇಟ್ರ ಉರುಳಂಗಿಲ್ಲ, ಮನಿ ಉರುಳತೈತೇನು? ಕಾಲೇಜಿನ್ಯಾಗ ಇದನ್ನ ಕಲಸ್ತಾರ?”

“ಕಾಂಕ್ರೀಟ್ ರಾಶಿ ಗುಡ್ಡದಂಗ ನಿಂತಿರತೈತಿ. ನೀ ವೈಬ್ರೇಟರ್ ಇಳಿಸಿದ ಕೂಡ್ಲೆ ಏನಾಗತೈತಿ ಕಾಕಾ?”

ಅವನ ಕೈಯ ಚಹಾದ ಲೋಟ ಬಾಯಿಗೆ ಹೋಗಲಿಲ್ಲ. ನಿಂತ ರಾಶಿ ಅಂಬಲಿಯಂತೆ ಹರಡುವುದನ್ನು ಅವನು ದಿನವೂ ನೋಡುತ್ತಾನೆ. ನೆಲದಡಿಯ ಒದ್ದೆ ಮರಳೂ ಹಾಗೆಯೇ. ನಡುಕ ಬಂದಾಗ ಕಣಗಳ ನಡುವಿನ ನೀರು ಒತ್ತಿಕೊಂಡು ಅವುಗಳ ಹಿಡಿತ ಬಿಡಿಸುತ್ತದೆ, ಮೇಲಿನ ಗಟ್ಟಿ ಮಣ್ಣು ಮನೆಗಳ ಸಮೇತ ಜಾರುತ್ತದೆ, ಅದಕ್ಕೆ ತುಸುವೇ ಇಳಿಜಾರು ಸಾಕು ಎಂದು ನಾನು ಹೇಳುತ್ತಲೇ ಹೋದೆ. ಆ ಹುಮ್ಮಸ್ಸಿನಲ್ಲಿ ಕಾಕುವಿನ ಮುಖ ನೋಡಿರಲಿಲ್ಲ.

“ಹಂಗಾರ ಇನ್ನ ಎಲ್ಲಿಗಿ ಹೋಗೂಣವಾ?” ಎಂದಳು.

ನಾನು ಚಾಪೆಯನ್ನು ಮತ್ತೆ ಹಾಸಿದೆ. ನಡುಕ ನಮ್ಮ ಕೈಯಲ್ಲಿಲ್ಲ, ನೀರನ್ನಾದರೂ ದೂರ ಹರಿಸಬಹುದು ಎಂದೆ. ಕಾಕಾ ಓಣಿಯವರನ್ನು ಕೂಡಿಸಿ ಗಟಾರ ರಿಪೇರಿ ಮಾಡಿದ. ಭೂಕಂಪಕ್ಕೆ ಗಟಾರ ಕಟ್ಟಿದ ಮೊದಲ ಮನುಷ್ಯ ತಾನೇ ಎಂದು ಫೋನಿನಲ್ಲಿ ನನ್ನನ್ನು ಕಿಚಾಯಿಸಿದ. ಅಂದಿನಿಂದ ಪ್ರತಿ ಭಾನುವಾರ ನೆಲ ಹೇಗಿದೆ ಎಂದು ಕಾಕುವಿಗೆ ಫೋನ್ ಮಾಡುತ್ತೇನೆ. ಅವಳು ಹೇಳಿದ್ದನ್ನು ಡೈರಿಗೆ ಇಳಿಸುತ್ತೇನೆ. ಪುಟದ ತುಂಬ ಒಂದೇ ಪದ: ಒಣ, ಒಣ, ಒಣ.

ಇವತ್ತು ಭಾನುವಾರವಲ್ಲ. ಆದರೂ ಈ ಸದ್ದಿಗೆ ತಡೆಯಲಾಗದೆ ಫೋನ್ ಮಾಡಿದೆ.

“ಒಣಗೇತಿ, ಚಂದ ಒಣಗೇತಿ. ನೀ ಉಂಡೇನವಾ?” ಎಂದಳು ಕಾಕು.

ಆ ಮಾತಿನ ಹಿಂದೆ ನೆಲಕ್ಕೆ ಬಟ್ಟೆ ಉಜ್ಜುವ ಸದ್ದು, ಅದನ್ನು ಹಿಂಡಿದಾಗ ಬಕೆಟ್ಟಿಗೆ ನೀರು ಬೀಳುವ ಸದ್ದು. ಮತ್ತೆ ಉಜ್ಜುವ ಸದ್ದು, ಮತ್ತೆ ಹಿಂಡುವ ಸದ್ದು.

ಉಂಡೆ ಎಂದೆ. ಡೈರಿ ತೆಗೆದು ತಾರೀಖು ಬರೆದೆ. ಅದರ ಮುಂದೆ ಒಣ ಎಂದು ಬರೆಯಲು ಮನಸ್ಸಾಗಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ. ಮಲಾಡಿಗೆ ಹೋಗುವ ಲೋಕಲ್ ರೈಲು ಸಿಕ್ಕಬೇಕು.