ಫೋಟೋದಲ್ಲಿ ಉಳಿದ ಬೀಗತಿಯ ಕೈ

ನನ್ನ ಮೊಮ್ಮಗಳು ಹುಟ್ಟಿದ್ದು ಹರಿಹರದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನವೂ ಅಲ್ಲೇ ಮುಗಿಯಬೇಕು ಅನ್ನುವುದು ನಮ್ಮ ಪದ್ಧತಿ. ನನ್ನ ಮಗಳಿಗೆ ನಾನೂ ಹಾಗೇ ಮಾಡಿದ್ದೇನೆ. ಆಗ ಈ ಪದ್ಧತಿ ಮಾಡಿದವರು ಬಲು ಬುದ್ಧಿವಂತರು ಅನ್ನಿಸಿತ್ತು. ಈಗ ಮಗನ ಕೂಸು ಐದನೇ ತಿಂಗಳವರೆಗೂ ಬೀಗರ ಮನೆಯಲ್ಲೇ ಇರುತ್ತದೆ ಅಂದಾಗ ಹಾಗೆ ಅನ್ನಿಸಲಿಲ್ಲ.

ದಾವಣಗೆರೆಯಿಂದ ಹರಿಹರ ದೂರವೇನಲ್ಲ. ಬಸ್ಸು ಬಾತಿ ದಾಟಿದರೆ ಬಂದೇಬಿಟ್ಟಿತು. ಆದರೆ ಬೀಗರ ಮನೆಗೆ ಮನಸ್ಸು ಬಂದಾಗಲೆಲ್ಲ ಹೋಗುವುದಕ್ಕಾಗುತ್ತದೆಯೇ? ಹಣ್ಣು, ಹೂವು, ಕುಬಸದ ಖಣ ಹಿಡಿದುಕೊಂಡು ಹೋಗಬೇಕು. ಅವರು ಕುರ್ಚಿ ಹಾಕುತ್ತಾರೆ, ಪಾಯಸ ಮಾಡುತ್ತಾರೆ. ಕೂಸನ್ನು ಸೀರೆ ಕೊಟ್ಟ ಹಾಗೆ ತಂದು ಕೈಗೆ ಕೊಡುತ್ತಾರೆ. ಅದು ಅಳುತ್ತದೆ. ‘ಹಸಿವಾಗೈತೆ ಕಾಣ್ತದೆ’ ಅಂತ ಬೀಗತಿ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಒಳಗೆ ಹೋದ ತಕ್ಷಣ ಅಳು ನಿಲ್ಲುತ್ತದೆ. ನಾನು ಕುರ್ಚಿಯಲ್ಲಿ ಕೂತು ಪಾಯಸದ ಲೋಟ ನೋಡುತ್ತಿರಬೇಕು.

ಇದನ್ನಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಅವಳ ಫೋಟೋಗಳು.

ನನ್ನ ಬೀಗತಿ ಅಂದರೆ ಸೊಸೆಯ ತಾಯಿ. ನನಗಿಂತ ಸಣ್ಣವಳು, ನನಗಿಂತ ಹೆಚ್ಚು ಓದಿದವಳು. ಅವಳ ಫೋನಿನಲ್ಲಿ ಫೋಟೋ ಚಂದ ಮಾಡುವ ಆ್ಯಪುಗಳು ಒಂದು ಸಾಲೇ ಇವೆ. ಮೊದಲನೇ ದಿನ ಬಂದದ್ದು ಕಮಲದ ಫೋಟೋ. ದೊಡ್ಡ ಗುಲಾಬಿ ಕಮಲ, ಅದರೊಳಗೆ ನನ್ನ ಮೊಮ್ಮಗಳು ಮಲಗಿದ್ದಾಳೆ, ಸುತ್ತ ನೀರು, ಮೇಲೆ ಬಂಗಾರದ ಬೆಳಕು. ಮಗ ತಂದು ತೋರಿಸಿದ.

‘ಅವ್ವಾ, ಹೆಂಗೈತೆ ನೋಡು. ಅತ್ತೆ ಮಾಡ್ಯಾರೆ.’

‘ಕೂಸಿನ್ನ ಕೆರೆಯಾಗ ಬಿಟ್ಟಾರಲ್ಲೋ’ ಅಂದೆ. ‘ನೆಗಡಿ ಆಗಂಗಿಲ್ಲೇನು?’

ಅವನು ನಕ್ಕ. ನಾನು ನಗುವುದಕ್ಕೆ ಹೇಳಿರಲಿಲ್ಲ.

ಆಮೇಲೆ ಎರಡು ಮನೆಯವರು ಸೇರಿದ ವಾಟ್ಸಾಪ್ ಗ್ರೂಪಿಗೆ ದಿನಾ ಒಂದು ಬರತೊಡಗಿತು. ಕೂಸು ಅರ್ಧ ಚಂದ್ರನ ಮೇಲೆ. ಕೂಸು ನವಿಲುಗರಿಯ ಮೇಲೆ. ಕೂಸು ತುಂಗಭದ್ರೆಯ ದಂಡೆಯಲ್ಲಿ ಸೂರ್ಯನ ಜೊತೆ. ಕೆಳಗೆ ನೆಂಟರೆಲ್ಲ ಕೈ ಮುಗಿದ ಬೊಂಬೆ, ಕಣ್ಣಲ್ಲಿ ಹೃದಯ ಇರುವ ಬೊಂಬೆ ಹಾಕುತ್ತಿದ್ದರು. ನನ್ನ ತಂಗಿ ಮಲೆಬೆನ್ನೂರಿನಿಂದ ‘ಕೂಸು ಥೇಟ್ ಹರಿಹರದ ಅಜ್ಜಿ ಹಂಗೇ ಐತೆ’ ಅಂತ ಬರೆದಳು. ನನ್ನ ಒಡಹುಟ್ಟಿದವಳು! ಮೂಗು ನಮ್ಮ ತಾಯಿಯದು, ಅಗಲ ಮೂಗು, ಕಣ್ಣಿದ್ದವರಿಗೆ ಕಾಣಬೇಕು. ಆದರೆ ಆ ಆ್ಯಪು ಅದನ್ನೂ ತೀಡಿ ಸಣ್ಣ ಮಾಡಿಬಿಟ್ಟಿತ್ತು.

ಒಂದು ದಿನ ನೋಡಿದರೆ ಕೆನ್ನೆಯ ಮೇಲೆ ದೃಷ್ಟಿ ಬೊಟ್ಟೇ ಇಲ್ಲ. ಕೂಡಲೇ ಫೋನು ಮಾಡಿದೆ.

‘ಬೀಗ್ರೇ, ಕೂಸಿಗೆ ಬೊಟ್ಟು ಇಡದಂಗ ಊರಿಗೆಲ್ಲ ತೋರ್ಸಾಕ ಹತ್ತೀರಲ್ರಿ?’

‘ಇಟ್ಟಿದ್ನ್ರೀ, ದೊಡ್ಡದೇ ಇಟ್ಟಿದ್ದೆ. ಮುಖ ನುಣುಪು ಮಾಡಾಕ ಹೋದ್ರೆ ಕಲೆ ಅಂತ ತಿಳಕೊಂಡು ಒರೆಸಿಬಿಡ್ತು ನೋಡ್ರಿ ಅದು.’

‘ಅದಕ್ಕೇನು ಗೊತ್ತಾಗ್ತದೆ. ಅದಕ್ಕೆ ಮಕ್ಳೇನು ಮೊಮ್ಮಕ್ಳೇನು.’

ಅವತ್ತು ಸಂಜೆಯೇ ಬೀಗತಿ ಬೊಟ್ಟು ಇರುವ ಅಸಲಿ ಫೋಟೋವನ್ನು ಗ್ರೂಪಿಗೆ ಹಾಕಿದಳು, ನನಗೆ ಸಾಕ್ಷಿ ತೋರಿಸುವುದಕ್ಕೆ. ಏನೂ ಮಾಡದ, ಹಾಗೇ ತೆಗೆದ ಫೋಟೋ. ಎಣ್ಣೆ ನೀರು ಹಾಕಿದ ಮೇಲೆ ಕೂಸನ್ನು ಬಿಳಿ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡಿದ್ದಾಳೆ, ಕುತ್ತಿಗೆಯ ಕೆಳಗೆ ಕೈ ಕೊಟ್ಟು ಸ್ವಲ್ಪ ಎತ್ತಿ ಹಿಡಿದಿದ್ದಾಳೆ. ಕೂಸು ನಗುತ್ತಿತ್ತು. ಅಗಲ ಮೂಗು, ಹಣೆಗೆ ವಿಭೂತಿ, ಕೆನ್ನೆಗೆ ಬೊಟ್ಟು. ಬಂದ ಫೋಟೋಗಳಲ್ಲೆಲ್ಲ ನನಗೆ ಹಿಡಿಸಿದ್ದು ಅದೊಂದೇ. ಬೀಗತಿ ಅದರಲ್ಲಿ ಇಲ್ಲದಿದ್ದರೆ ಇನ್ನೂ ಹಿಡಿಸುತ್ತಿತ್ತು.

ಬಾಣಂತಿ, ಕೂಸು ಮನೆಗೆ ಬರುವ ದಿನ ಹತ್ತಿರ ಬಂತು. ಮಗ ಹೇಳಿದ, ‘ಅವ್ವಾ, ಹಾಲ್‌ನಾಗ ಬಾಗಿಲ ಎದುರಿಗೆ ಒಂದು ದೊಡ್ಡ ಫೋಟೋ ಕಟ್ಟು ಹಾಕ್ಸಿ ಹಾಕಾಣ. ಬರ್ತಾನೇ ಕಾಣ್ಬೇಕು. ಅತ್ತೆ ಮಾಡಿದ ಕಮಲದ್ದು ಭಾಳ ಚಂದೈತೆ, ಅದನ್ನೇ ಕೊಡ್ತೀನಿ ಸ್ಟುಡಿಯೋಕ್ಕೆ.’

ಗೋಡೆ ನನ್ನದು. ಮೊಳೆ ಹೊಡೆಯುವವನು ನನ್ನ ಮಗ. ಫೋಟೋ ಮಾತ್ರ ಅವಳದ್ದು. ದಿನಾ ಬೆಳಿಗ್ಗೆ ಎದ್ದು ಕಸ ಗುಡಿಸುವಾಗ ನಾನು ಆ ಕಮಲ ನೋಡಬೇಕು. ಕೂಸು ದೊಡ್ಡದಾಗಿ ‘ಇದು ಯಾರು ಮಾಡಿದ್ದು’ ಅಂತ ಕೇಳಿದರೆ ‘ಹರಿಹರದ ಅಜ್ಜಿ’ ಅಂತ ನಾನೇ ಬಾಯಿಬಿಟ್ಟು ಹೇಳಬೇಕು.

‘ತಡಿ, ಎಂಟು ದಿನ ತಡಿ. ನಾನೊಂದು ಕೊಡ್ತೀನಿ’ ಅಂದೆ.

‘ನೀನಾ?’ ಅಂದ.

ಆ ‘ನೀನಾ’ ನನಗೆ ಚುಚ್ಚಿತು. ಕೊಡುತ್ತೇನೆ ಅಂತ ಹೇಳಿಯಂತೂ ಆಯಿತು, ಆದರೆ ಕೂಸಿನ ಜೊತೆ ನನ್ನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಇದ್ದ ಒಂದರಲ್ಲಿ ಕೂಸು ಬಾಯಿ ಬಿಟ್ಟು ಅಳುತ್ತಿದೆ, ನಾನೂ ಬಾಯಿ ಬಿಟ್ಟುಕೊಂಡು ಕೂತಿದ್ದೇನೆ.

ನಮ್ಮ ಪಕ್ಕದ ಮನೆಯವಳು ಸೀರೆಗೆ ಕುಚ್ಚು ಕಟ್ಟುತ್ತಾಳೆ. ಕಟ್ಟಿದ ಸೀರೆಯ ಫೋಟೋ ತೆಗೆದು, ಹಿಂದಿನ ಹರಕು ಗೋಡೆ ಕತ್ತರಿಸಿ, ಹೂವಿನ ತೋಟ ಅಂಟಿಸಿ ಗಿರಾಕಿಗಳಿಗೆ ಕಳಿಸುತ್ತಾಳೆ. ಅವಳ ಹತ್ತಿರ ಫೋನು ಹಿಡಿದುಕೊಂಡು ಹೋದೆ.

‘ಈ ಫೋಟೋದಾಗ ಈ ಹೆಂಗಸಿನ್ನ ತೆಗದು ನನ್ನ ಕೂಡ್ರಿಸೋದು ಕಲ್ಸು’ ಅಂದೆ.

ಅವಳು ನೋಡಿದಳು. ‘ಅಜ್ಜಿ, ಇವ್ರು ನಿಮ್ಮ ಬೀಗ್ರಲ್ಲೇನ್ರಿ?’

‘ಹೌದು. ಅದಕ್ಕೇ.’

ಅವಳು ಬೇರೆ ಪ್ರಶ್ನೆ ಕೇಳಲಿಲ್ಲ. ಒಳ್ಳೆಯ ಹೆಂಗಸು.

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಈ ಆ್ಯಪಿನಲ್ಲಿ ಓದುವುದು ಅಷ್ಟಿಲ್ಲ. ಕತ್ತರಿಯ ಚಿತ್ರ ಇದ್ದರೆ ಕತ್ತರಿಸುವುದು, ರಬ್ಬರಿನ ಚಿತ್ರ ಇದ್ದರೆ ಅಳಿಸುವುದು, ಹಿಂದಕ್ಕೆ ತಿರುಗಿದ ಬಾಣ ಒತ್ತಿದರೆ ಮಾಡಿದ ತಪ್ಪೆಲ್ಲ ವಾಪಸ್ಸು. ಕಷ್ಟವಾದದ್ದು ಬೆರಳಿನದು. ರೊಟ್ಟಿ ತಟ್ಟಿ ತಟ್ಟಿ ತುದಿ ಕಟ್ಟಿಗೆಯಾಗಿದೆ, ಒತ್ತಿದರೆ ಫೋನಿಗೆ ಗೊತ್ತೇ ಆಗುವುದಿಲ್ಲ. ಒಂದು ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ ಸೆರಗಿಗೆ ಒರೆಸಿಕೊಂಡು ಮುಟ್ಟಿದೆ. ಆಗ ಕೇಳಿತು.

ರಬ್ಬರು ಹಿಡಿದು ಬೀಗತಿಯನ್ನು ಅಳಿಸಲು ಕೂತೆ. ಮೊದಲು ಮುಡಿದ ಮಲ್ಲಿಗೆ ಹೋಯಿತು. ಕುಂಕುಮ ಹೋಯಿತು, ಮೂಗುತಿ ಹೋಯಿತು, ಎಲ್ಲರೂ ಹೊಗಳುವ ಆ ನಗು ಹೋಯಿತು. ಅಳಿಸಿದ ಕಡೆಯೆಲ್ಲ ಅದೇ ಗೋಡೆಯ ಬಣ್ಣವನ್ನು ತುಂಬಿಕೊಂಡು ಬಂತು. ಅಷ್ಟು ಸಮಾಧಾನ ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ, ಮದುವೆಯೊಂದರಲ್ಲಿ ಇಳಕಲ್ಲು ಸೀರೆ ಉಟ್ಟು ತೆಗೆಸಿಕೊಂಡಿದ್ದ ನನ್ನ ಫೋಟೋವನ್ನು ಕತ್ತರಿಸಿ ಕೂರಿಸಿದೆ. ಚೆನ್ನಾಗಿಯೇ ಕೂತಿತು.

ಉಳಿದದ್ದು ಕೈ. ಕೂಸಿನ ಕುತ್ತಿಗೆಯ ಕೆಳಗೆ, ಹಸಿರು ಬಳೆಯ ಕೈ.

ಅದರ ಮೇಲೂ ರಬ್ಬರು ಎಳೆದೆ. ಬೆರಳು ಹೋದವು, ಬಳೆ ಹೋದವು, ಆ ಜಾಗಕ್ಕೆ ಬಿಳಿ ಪಂಚೆ ಬಂದು ತುಂಬಿಕೊಂಡಿತು. ಆ್ಯಪು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆದರೆ ಕೂಸಿನ ಕಡೆ ನೋಡಿದೆ. ಕುತ್ತಿಗೆ ನಿಲ್ಲದ ಕೂಸು, ಕೆಳಗೆ ಆಸರೆ ಇಲ್ಲ, ತಲೆ ಗಾಳಿಯಲ್ಲಿದೆ. ಇನ್ನೇನು ಹಿಂದಕ್ಕೆ ವಾಲುತ್ತದೆ ಅನ್ನುವ ಹಾಗೆ. ಆದರೂ ನಗುತ್ತಿದೆ ಅದು. ಗಬಕ್ಕನೆ ಹಿಂದಿನ ಬಾಣ ಒತ್ತಿದೆ. ಕೈ ಬಂತು. ಆಮೇಲೆ ನಾನು ಉಸಿರು ಬಿಟ್ಟೆ.

‘ಏನಾತ್ರಿ ಅಜ್ಜಿ?’ ಅಂದಳು ಕುಚ್ಚಿನವಳು.

‘ಏನಿಲ್ಲ. ನನ್ನ ಕೈದೇ ಫೋಟೋ ತೆಗಿ. ಅದನ್ನ ಅಂಟಿಸಾಣ.’

ಕೂಸಿನ ತಲೆ ಹಿಡಿದ ಹಾಗೆ ಕೈ ಇರಬೇಕಲ್ಲ. ಅವಳ ಮನೆಯಲ್ಲಿ ಒಂದು ಸಣ್ಣ ಕುಂಬಳಕಾಯಿ ಇತ್ತು. ಅದನ್ನು ಟವೆಲಿನಲ್ಲಿ ಸುತ್ತಿ, ಅದರ ಕೆಳಗೆ ಕೈ ಕೊಟ್ಟು ಕೂತೆ. ಅವಳು ನಿಂತು ತೆಗೆದಳು, ಬಗ್ಗಿ ತೆಗೆದಳು, ನಕ್ಕು ನಕ್ಕು ಫೋನು ಬೀಳಿಸಿದಳು. ‘ಅಳಬ್ಯಾಡ ನನ್ನ ಬಂಗಾರ ಅನ್ರಿ ಅಜ್ಜಿ ಅದಕ್ಕೆ!’ ಅನ್ನುತ್ತಿದ್ದಳು.

ಆ ಕೈ ತಂದು ಅಂಟಿಸಿದರೆ ಸರಿಬರಲೇ ಇಲ್ಲ. ಕುಂಬಳಕಾಯಿ ಹಿಡಿದ ಕೈ ಕುಂಬಳಕಾಯಿಯನ್ನೇ ಹಿಡಿದಿರುತ್ತದೆ. ಬೆರಳು ಬಿಗಿಯಾಗಿದ್ದವು, ತೂಕ ನೋಡುವ ಹಾಗೆ. ಬೀಗತಿಯ ಕೈ ದೊಡ್ಡದು ಮಾಡಿ ನೋಡಿದೆ. ಹೆಬ್ಬೆರಳು ಕಿವಿಗೆ ತಾಗದ ಹಾಗೆ ಸರಿಸಿಕೊಂಡಿದ್ದಾಳೆ. ಕಿರುಬೆರಳು ಬೆನ್ನಿನ ಕಡೆ ಇಳಿದಿದೆ, ಅಂಗೈ ಮೆತ್ತಗೆ ತೆರೆದಿದೆ. ಉಗುರಿನ ಸಂದಿಯಲ್ಲಿ ಅರಿಶಿನ, ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಹಳೇ ಕಲೆ. ಕೂಸು ಹಿಡಿಯುವುದು ಬರುತ್ತದೆ ಆ ಹೆಂಗಸಿಗೆ. ಬರುತ್ತದೆ ಅನ್ನುವುದೇ ಇನ್ನಷ್ಟು ಉರಿಸಿತು. ಬರದಿದ್ದರೆ ಬೈಯುವುದಕ್ಕಾದರೂ ಆಗುತ್ತಿತ್ತು.

ಕೊನೆಗೆ ಅವಳ ಕೈಯನ್ನೇ ಬಿಟ್ಟೆವು. ಮೊಣಕೈ ಇದ್ದ ಕಡೆ ನನ್ನ ಸೀರೆಯ ಸೆರಗು ಎಳೆದು ಮುಚ್ಚಿ, ನನ್ನ ಬಣ್ಣ ಒಂಚೂರು ಬೆಳ್ಳಗೆ ಮಾಡಿ, ಕೈಗೂ ಮುಖಕ್ಕೂ ಹೊಂದಿಸಿದೆವು. ಹಸಿರು ಬಳೆ ನಾನೂ ಹಾಕುತ್ತೇನೆ. ಯಾರಿಗೆ ಗೊತ್ತಾಗುತ್ತದೆ?

ಬೊಟ್ಟಿನ ಫೋಟೋ ಗ್ರೂಪಿನಲ್ಲಿ ಕಮಲ, ಚಂದ್ರಗಳ ನಡುವೆ ಯಾವಾಗಲೋ ಹೂತುಹೋಗಿತ್ತು, ಮಗನಿಗೆ ಗೊತ್ತಾಗಲಿಲ್ಲ. ‘ಅವ್ವಾ, ಇದ್ಯಾವಾಗ ತೆಗ್ಸಿದ್ದು?’ ಅಂತ ಬಾಯಿ ತೆರೆದ. ಸ್ಟುಡಿಯೋಕ್ಕೆ ಅದೇ ಹೋಯಿತು, ಕಟ್ಟು ಹಾಕಿಸಿಕೊಂಡು ಬಂತು, ಬಾಗಿಲ ಎದುರಿನ ಗೋಡೆಗೆ ಏರಿತು. ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, ‘ನೀನು ಯಾವಾಗಿಂದ ಇಷ್ಟು ಬೆಳ್ಳಗಾದಿ?’ ಅಂದರು. ಟೀ ಆರುತ್ತದೆ ಕುಡೀರಿ ಅಂದೆ.

ಕೂಸು ಬರುವ ದಿನ ಮನೆ ತುಂಬ ಜನ. ಮಲೆಬೆನ್ನೂರಿನ ತಂಗಿಯೂ ಬಂದಿದ್ದಳು. ಬಾಗಿಲಲ್ಲಿ ಕೆಂಪು ನೀರು ಇಳಿಸಿದೆ. ಬೀಗತಿ ಕೂಸನ್ನು ಎತ್ತಿಕೊಂಡು, ಹಿಂದೆ ಸೊಸೆ, ಅವಳ ಹಿಂದೆ ಅಂಟಿನುಂಡಿಯ ಡಬ್ಬಿ, ತೊಟ್ಟಿಲು, ಎಲ್ಲ ಒಳಗೆ ಬಂದವು. ಒಳಗೆ ಕಾಲಿಟ್ಟವಳೇ ಬೀಗತಿ ಗೋಡೆ ನೋಡಿದಳು.

‘ಎಷ್ಟ್ ಚಂದೈತ್ರಿ ಫೋಟೋ, ಅಜ್ಜಿ ಮೊಮ್ಮಗಳು!’ ಅಂತ ಎಲ್ಲರೂ ಅನ್ನುತ್ತಿದ್ದರು. ಬೀಗತಿ ಹತ್ತಿರ ಹೋದಳು. ಕುತ್ತಿಗೆ ಚಾಚಿದಳು. ನನ್ನ ಕೈಯಲ್ಲಿ ಕೆಂಪು ನೀರಿನ ತಟ್ಟೆ ಇನ್ನೂ ಇತ್ತು. ಈಗ ಇವಳು ಬಾಯಿಬಿಟ್ಟರೆ ಇಷ್ಟು ಜನದ ಮುಂದೆ ನನ್ನ ಮಾನ ಈ ತಟ್ಟೆಯ ನೀರಿನ ಹಾಗೇ ಚೆಲ್ಲಿಹೋಗುತ್ತದೆ ಅಂದುಕೊಂಡೆ.

ಅವಳು ತಿರುಗಿದಳು. ‘ಬೀಗ್ರೇ, ಬಳೆ ಭಾರಿ ಅದಾವಲ್ರಿ. ಎಲ್ಲಿ ಇಡ್ಸಿದ್ರಿ?’

‘ಹರಿಹರದಾಗ’ ಅಂದೆ.

ಅವಳ ತುಟಿಯ ಮೂಲೆ ಅಲುಗಿತು. ಬೇರೆ ಯಾರಿಗೂ ತಿಳಿಯಲಿಲ್ಲ. ತಂಗಿ ಮಾತ್ರ ‘ಯಾವ ಅಂಗಡಿಯಾಗೇ?’ ಅಂತ ಬೆನ್ನು ಹತ್ತಿದಳು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೀಗತಿ ಅಡಿಗೆಮನೆಗೆ ಬಂದಳು. ಕೂಸು ಅವಳ ಹೆಗಲ ಮೇಲಿತ್ತು.

‘ನನ್ನೆಲ್ಲಾ ಅಳಿಸಿ ಕೈ ಯಾಕ್ರಿ ಬಿಟ್ರಿ? ಅದನ್ನೂ ತೆಗದ್ರೆ ಆಗ್ತಿತ್ತಲ್ಲ.’

‘ತೆಗದಿದ್ದೆ. ಕೂಸಿನ ಕುತ್ತಿಗೆ ನಿಂತಿರ್ಲಿಲ್ಲ. ತಲೆ ಹಿಂದಕ್ಕೆ ಬೀಳಂಗ ಕಾಣ್ತು.’

‘ಫೋಟೋದಾಗಾ?’

‘ಫೋಟೋದಾಗಾದ್ರೂ.’

ಅವಳು ಕೂಸನ್ನು ನನ್ನ ಕಡೆ ಚಾಚಿದಳು. ‘ಈಗ ನಿಂತೈತೆ, ಹಿಡೀರಿ’ ಅಂದಳು. ನನ್ನ ಕೈಯೆಲ್ಲ ಹೋಳಿಗೆ ಹಿಟ್ಟು. ಹಾಗೇ ತೆಗೆದುಕೊಂಡೆ. ಅತ್ತಿತು. ಅತ್ತರೆ ಅಳಲಿ ಅಂತ ವಾಪಸ್ಸು ಕೊಡಲಿಲ್ಲ.

ಸಂಜೆ ಅವಳು ಹೊರಟಾಗ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ನಾನು ಬಾಗಿಲವರೆಗೆ ಹೋಗಿ ‘ಬರ್ತಾ ಇರ್ರಿ’ ಅಂದೆ. ಇನ್ನು ಮೇಲೆ ಹಣ್ಣು, ಖಣ ಹಿಡಿದು ಬರುವವಳು ಅವಳು. ಕುರ್ಚಿ ಹಾಕುವವಳು ನಾನು. ಪಾಯಸ ಒಳ್ಳೆಯದೇ ಮಾಡುತ್ತೇನೆ.

ಈಗ ಕೂಸು ನನ್ನ ಹತ್ತಿರ ಇದೆ. ದಿನಾ ಬೆಳಿಗ್ಗೆ ಬಟ್ಟಲಲ್ಲಿ ನೀರಿಟ್ಟುಕೊಂಡು ಒಂದು ಫೋಟೋ ಮಾಡಿ ಸ್ಟೇಟಸ್ಸಿಗೆ ಹಾಕುತ್ತೇನೆ. ಕಮಲ ಗಿಮಲ ಇಲ್ಲ. ಮೂಗು ತೀಡುವುದಿಲ್ಲ. ಮಂಡಕ್ಕಿಯ ರಾಶಿ ಫೋಟೋ ತೆಗೆದು ಅದರ ಮೇಲೆ ಕೂಸನ್ನು ಕೂರಿಸಿದ್ದೇನೆ, ಸೇವಂತಿಗೆಯ ಬುಟ್ಟಿಯಲ್ಲಿ ಕೂರಿಸಿದ್ದೇನೆ. ಯಾರು ನೋಡಿದರು ಅನ್ನುವುದು ಕೆಳಗೆ ಬರುತ್ತದಲ್ಲ, ಅಲ್ಲಿ ಎಲ್ಲರಿಗಿಂತ ಮೊದಲು ಬೀಗತಿ ಇರುತ್ತಾಳೆ. ಹಾಲಿನವನು ಬರುವ ಮುಂಚೆಯೇ ನೋಡಿರುತ್ತಾಳೆ. ಅವಳ ಹೊಟ್ಟೆಯಲ್ಲಿ ಏನು ಉರಿಯುತ್ತಿರುತ್ತದೆ ಅನ್ನುವುದು ನನಗೆ ಗೊತ್ತು. ಉರಿಯಲಿ. ನನಗೂ ಅಷ್ಟು ತಿಂಗಳು ಉರಿದಿದೆ.

ಮೊನ್ನೆ ಸೇವಂತಿಗೆಯದು ಹಾಕಿದ ಗಳಿಗೆಯಲ್ಲೇ ಫೋನು ಬಂತು.

‘ಬೀಗ್ರೇ, ಚಂದೈತ್ರಿ. ಕಿವಿ ಹತ್ರ ಕಟಿಂಗ್ ಒಂದೀಟು ಹಾಳಾಗೈತೆ ನೋಡ್ರಿ.’

‘ನಿಮ್ಮ ಕಣ್ಣಿಗೆ ಹಂಗೆ ಕಂಡಿರಬೇಕು’ ಅಂತ ಇಟ್ಟುಬಿಟ್ಟೆ.

ಆಮೇಲೆ ಫೋಟೋ ತೆರೆದು ದೊಡ್ಡದು ಮಾಡಿ ನೋಡಿದೆ. ಎಡಗಿವಿಯ ಅಂಚು ಹೋಗಿತ್ತು. ಬೆರಳು ಅದ್ದಿಕೊಂಡು, ಬಾಣ ಒತ್ತಿ, ಮೊದಲಿನಿಂದ ಕತ್ತರಿಸಲು ಕೂತೆ.